ಅಣಕದ ಪದಕಕ್ಕೊಂದು ಶಾಲು

ಕೂಡ್ಲಿಗಿಯಲ್ಲಿ ಪಿಯುಸಿ ಹುಡುಗರಿಗೆ ರಸಾಯನಶಾಸ್ತ್ರ ಕಲಿಸುವ ಭೀಮರಾಜನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಇದ್ದರೂ ಹೇಳುವ ಧೈರ್ಯವಿರಲಿಲ್ಲವಾದ್ದರಿಂದ ಇದ್ದದ್ದೂ ಇಲ್ಲದ್ದೂ ಒಂದೇ ಆಗಿತ್ತು. ಹೊಸಪೇಟೆ ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ, ತನ್ನ ಕಾಲು ಅಡ್ಡ ಬಂದದ್ದಕ್ಕೆ ಅವನೇ ಕ್ಷಮೆ ಕೇಳುತ್ತಿದ್ದ. ಇಂಥ ಸಾಧು ಮನುಷ್ಯ ಯುದ್ಧಕಾಲದ ಅಣಕು ಪದಕಗಳನ್ನು ಸಂಗ್ರಹಿಸತೊಡಗಿದ.

ಶೌರ್ಯಕ್ಕೆ ಕೊಡುವ ಪದಕ ಎಲ್ಲರಿಗೂ ಗೊತ್ತು. ಎದುರಾಳಿಯನ್ನು ಚುಚ್ಚಲೆಂದೇ ಹೊಯ್ದ ಪದಕಗಳೂ ಲೋಕದಲ್ಲಿವೆ ಎಂಬುದು ಭೀಮರಾಜನಿಗೆ ಒಂದು ಭಾನುವಾರ ಫೋನಿನಲ್ಲಿ ತಾಮ್ರದ ಕೊಡ ತಿಕ್ಕುವ ಪುಡಿಯನ್ನು ಹುಡುಕುವಾಗ ತಿಳಿಯಿತು. ಪುಡಿ ಸಿಗಲಿಲ್ಲ. ಕೆಲವು ವಾರಗಳ ನಂತರ ಅಂಚೆಯಲ್ಲಿ ಒಂದು ಶಿಲುಬೆ ಬಂತು. ಜರ್ಮನಿಯವರು ತಮ್ಮ ಸೈನಿಕರಿಗೆ ಕೊಡುತ್ತಿದ್ದ ಶೌರ್ಯದ ಶಿಲುಬೆಯನ್ನು ಹಂಗಿಸಿ ಇಂಗ್ಲೆಂಡಿನವರು ಮಾಡಿದ್ದು. ಅದರ ಮೇಲೆ ಜರ್ಮನ್ ಸೈನ್ಯ ಸುಟ್ಟ ಊರುಗಳ ಹೆಸರು ಬರೆದು ‘ಸಂಸ್ಕೃತಿಗಾಗಿ’ ಎಂದು ಕೊರೆದಿತ್ತು. ಅದರ ಹಿಂದೆಯೇ ಇನ್ನೂ ಕೆಲವು ಬಂದವು. ಅಲ್ಲಿಂದ ಮುಂದೆ ಅವನ ಮನೆಗೆ ಬಂದವರಿಗೆ ಬಿಡುಗಡೆಯಿರಲಿಲ್ಲ. ಸಿಲಿಂಡರ್ ತಂದವನೂ ಸಿಲಿಂಡರ್ ಇಳಿಸಿ, ಯುರೋಪಿನ ರಾಜಕೀಯ ಕೇಳಿಯೇ ಹೋಗಬೇಕಾಗಿತ್ತು.

“ಮಂದಿ ಬಂಗಾರ ಕೂಡಿಸ್ತಾರ, ನನ್ನ ಮಗ ತಗಡು ಕೂಡಿಸ್ತಾನ” ಎಂದು ಅವನ ತಾಯಿ ಮಾಳಮ್ಮ ನೆರೆಯವರೊಂದಿಗೆ ಹೇಳಿಕೊಳ್ಳುತ್ತಿದ್ದಳು. ಆ ದನಿಯಲ್ಲಿ ದುಃಖವಿತ್ತೋ ಹೆಮ್ಮೆಯಿತ್ತೋ ಯಾರಿಗೂ ಖಚಿತವಿರಲಿಲ್ಲ.

ಸಂಗ್ರಹದ ಮುಕುಟಮಣಿ ಬೇರೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ಒಂದು ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಅಪಾಯವಿದೆ ಎಂದು ಗೊತ್ತಿದ್ದೂ ಲಾಭಕ್ಕಾಗಿ ಟಿಕೆಟ್ ಮಾರಿದರು ಎಂದು ಹಡಗಿನವರನ್ನೇ ಚುಚ್ಚಲು ಜರ್ಮನ್ ಕಲಾವಿದನೊಬ್ಬ ಪದಕ ಮಾಡಿದ. ಅದರ ಒಂದು ಬದಿಯಲ್ಲಿ ಮುಳುಗುವ ಹಡಗು, ಇನ್ನೊಂದು ಬದಿಯಲ್ಲಿ ಟಿಕೆಟ್ ಕೌಂಟರಿನೊಳಗೆ ಕುಳಿತ ಅಸ್ಥಿಪಂಜರ, ಅದರೆದುರು ಟಿಕೆಟಿಗೆ ಕೈಚಾಚಿದ ಜನ. ಮೇಲೆ ‘ಎಲ್ಲಕ್ಕಿಂತ ವ್ಯಾಪಾರ ಮೇಲು’ ಎಂಬ ಮಾತು.

“ನೋಡ್ರಿ, ಇಷ್ಟು ಸಣ್ಣ ತಗಡಿನ್ಯಾಗ ಎಷ್ಟು ದೊಡ್ಡ ಪೆಟ್ಟು ಕೊಟ್ಟಾನ! ಒಂದು ಬೈಗುಳ ಇಲ್ಲ, ಜಗಳ ಇಲ್ಲ” ಎನ್ನುವಾಗ ಭೀಮರಾಜನ ಕಣ್ಣು ತೇವವಾಗುತ್ತಿತ್ತು. ಜಗಳವಿಲ್ಲದೆ ಪೆಟ್ಟು ಕೊಡುವ ವಿದ್ಯೆಯನ್ನು ಅವನು ಜೀವಮಾನವಿಡೀ ಹುಡುಕಿದ್ದ.

ಆ ವಿದ್ಯೆ ಬೇಕಾಗುವ ಕಾಲ ಬೇಗನೆ ಬಂತು.

ಭೀಮರಾಜನ ಹೆಂಡತಿ ಕೋಮಲಾ ವರ್ಷಗಟ್ಟಲೆ ಮನೆಯ ಪಡಸಾಲೆಯಲ್ಲೇ ಓಣಿಯವರ ಕುಪ್ಪಸ ಹೊಲಿದವಳು. ಈ ವರ್ಷ ಧೈರ್ಯ ಮಾಡಿ ಬಸ್‌ಸ್ಟ್ಯಾಂಡಿನ ಹತ್ತಿರ ಮಳಿಗೆ ಹಿಡಿದು ‘ಕೋಮಲಾ ಲೇಡೀಸ್ ಟೈಲರ್ಸ್’ ಎಂಬ ಬೋರ್ಡು ಏರಿಸಿದಳು. ಬೋರ್ಡಿನ ಬಣ್ಣ ಒಣಗುವ ಮೊದಲೇ ಅದರ ಮುಂದೆ ಎರಡು ಸರ್ವೆ ಕಟ್ಟಿಗೆ ನೆಟ್ಟು ಗುರುಬಸವರಾಜರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲಾಯಿತು. ಗುರುಬಸವರಾಜರು ಸಿಮೆಂಟ್ ವ್ಯಾಪಾರಿಗಳು. ಮುಂದಿನ ಚುನಾವಣೆಗೆ ನಿಲ್ಲುವವರು. ಹುಟ್ಟುಹಬ್ಬ ಮುಗಿಯಿತು. ಫ್ಲೆಕ್ಸ್ ಇಳಿಯಲಿಲ್ಲ. ‘ಹುಟ್ಟುಹಬ್ಬದ’ ಎಂಬಲ್ಲಿ ‘ಯುಗಾದಿ’ ಎಂಬ ಚೀಟಿ ಅಂಟಿಸಿದರು. ಯುಗಾದಿ ಹೋದ ಮೇಲೆ ಅದರ ಮೇಲೆ ‘ಬಸವ ಜಯಂತಿ’ ಬಂತು. ಶುಭಾಶಯಗಳು ಬದಲಾಗುತ್ತಿದ್ದವು, ಕೈಮುಗಿದ ಮುಖ ಸ್ಥಿರವಾಗಿತ್ತು.

ಗುಡೇಕೋಟೆಯಿಂದ ಹೊನ್ನೂರಮ್ಮ ಮಗಳ ಮದುವೆಯ ಕುಪ್ಪಸದ ಬಟ್ಟೆ ಹಿಡಿದು ಬಂದವಳು ಅದೇ ರಸ್ತೆಯಲ್ಲಿ ನಿಂತು ಕೋಮಲಾಗೆ ಫೋನ್ ಮಾಡಿದಳು.

“ಎಲ್ಲೈತೆ ನಿನ್ನ ಅಂಗಡಿ?”

“ಫ್ಲೆಕ್ಸ್ ಹಿಂದ ಐತ್ರಿ ಅಕ್ಕಾ.”

“ಯಾವ ಫ್ಲೆಕ್ಸ್?”

“ಕೈ ಮುಗದು ನಿಂತಾರಲ್ರಿ, ಅದು.”

“ಇಲ್ಲಿ ಎಲ್ಲಾರೂ ಕೈ ಮುಗದಾ ನಿಂತಾರಲ್ಲವ್ವಾ!”

ಹೊನ್ನೂರಮ್ಮ ಬಿಸಿಲಿನಲ್ಲಿ ಮೂರು ಕೈಮುಗಿದವರ ಹಿಂದೆ ಇಣುಕಿ, ನಾಲ್ಕನೆಯವರ ಹಿಂದೆ ಮೂತ್ರಾಲಯ ಸಿಕ್ಕಿದ್ದರಿಂದ ಬೇಸರಗೊಂಡು, ಬೇರೆ ದರ್ಜಿಯನ್ನು ಹುಡುಕಿಕೊಂಡಳು.

“ನೀವು ಹೋಗಿ ಒಂದು ಮಾತು ಹೇಳ್ರಿ. ಗಂಡಸರ ಸಂಗಡ ಗಂಡಸರು ಮಾತಾಡಿದ್ರ ಛಲೋ ಅಂತ ಅತ್ತಿ ಅಂತಾರ. ಈ ಮದುವಿ ಸುಗ್ಗಿ ತಪ್ಪಿತಂದ್ರ ನಾನು ಅಂಗಡಿ ಬಾಗಿಲು ಹಾಕಿ ಮಷೀನು ಮನಿಗೆ ತರಾಕಿ” ಎಂದಳು ಕೋಮಲಾ.

ಭೀಮರಾಜ ಹೋದ. ಗುರುಬಸವರಾಜರು “ಬರ್ರಿ ಸರ, ಏನು ಬೇಕು?” ಎಂದರು. ಆ ಪ್ರಶ್ನೆಗೆ ಸಿಮೆಂಟ್ ಅಂಗಡಿಯಲ್ಲಿ ಒಂದೇ ಉತ್ತರ ಸಹಜವಾಗಿ ಬಾಯಿಗೆ ಬರುವಂಥದ್ದು. ಭೀಮರಾಜ ಒಂದು ಚೀಲ ಸಿಮೆಂಟ್ ತಗೊಂಡು ಬಂದ. ಮರುವಾರ ಇನ್ನಷ್ಟು ಗಟ್ಟಿ ಮನಸ್ಸು ಮಾಡಿ ಹೋಗಿ ಇನ್ನೊಂದು ಚೀಲ ತಂದ. ಮಾಳಮ್ಮನಿಗೆ ಅಂಗಳದಲ್ಲಿ ಕೂರಲು ಅನುಕೂಲವಾಯಿತು, ಬೇರೆ ಪ್ರಯೋಜನವಾಗಲಿಲ್ಲ.

ಮೂರನೆಯ ಚೀಲ ಮನೆಗೆ ಬಂದ ಸಂಜೆ ಅವನಿಗೆ ಜ್ಞಾನೋದಯವಾಯಿತು. ಜರ್ಮನಿಯ ಕಲಾವಿದನೇನು ಹಡಗಿನ ಕಚೇರಿಗೆ ಹೋಗಿ ಮಾತಾಡಿದ್ದನೇ? ಪದಕ ಮಾಡಿದ!

ಹಗರಿಬೊಮ್ಮನಹಳ್ಳಿಯಲ್ಲಿ ಸುಂಕಪ್ಪ ಎಂಬವನದು ಕಪ್ಪು, ಶೀಲ್ಡು, ಪದಕ ಮಾಡುವ ಅಂಗಡಿ. ಶಾಲೆಗಳ ಕ್ರೀಡಾಕೂಟದ ಮುನ್ನಾದಿನ ಬಿಟ್ಟರೆ ಆರಾಮವಾಗಿ ಇರುವ ಮನುಷ್ಯ. ಭೀಮರಾಜ ತಾನೇ ಬರೆದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ. ಮುಂಬದಿಯಲ್ಲಿ ಕೈಮುಗಿದ ಭಾರೀ ಮುಖ, ಅದರ ಹೆಗಲ ಹಿಂದಿನಿಂದ ಇಣುಕುವ ಪುಟ್ಟ ಪುಟ್ಟ ಜನ. ಹಿಂಬದಿಯಲ್ಲಿ ಕೌಂಟರಿನೊಳಗೆ ಅಸ್ಥಿಪಂಜರ, ಅದು ಜನರಿಗೆ ಶುಭಾಶಯ ಹಂಚುತ್ತಿದೆ. ಸುತ್ತ ‘ಎಲ್ಲಕ್ಕಿಂತ ಮುಖ ಮೇಲು’ ಎಂಬ ಬರಹ.

ಸುಂಕಪ್ಪ ಬಹಳ ಹೊತ್ತು ನೋಡಿದ. “ಎಲುಬು ಬ್ಯಾಡ್ರಿ ಸರ. ಯೋಗಾಸನ ಸ್ಪರ್ಧಿ ಅಂತ ತಿಳಕಂತಾರ.”

“ಅದು ಸಂಕೇತ, ಸುಂಕಪ್ಪ. ಇದ್ಯಾವ ಸ್ಪರ್ಧೆಗೂ ಅಲ್ಲ.”

“ಹಂಗಾದ್ರ ಮೊದಲನೇ ಬಹುಮಾನ ಅಂತ ಹಾಕ್ಲೋ, ಎರಡನೇದು ಅಂತ ಹಾಕ್ಲೋ?”

“ಬಹುಮಾನ ಅಲ್ಲಪ್ಪಾ! ಅಣಕ!”

“ಸಮಾಧಾನಕರ ಅಂತ ಹಾಕ್ತೀನಿ ಬಿಡ್ರಿ” ಎಂದ ಸುಂಕಪ್ಪ. ಆ ಅನಾಹುತವನ್ನು ಭೀಮರಾಜ ಕೈಹಿಡಿದು ತಪ್ಪಿಸಿದ. ಆದರೆ ಇನ್ನೊಂದನ್ನು ತಪ್ಪಿಸಲಾಗಲಿಲ್ಲ. ಸುಂಕಪ್ಪನ ಅಂಗಡಿಯಿಂದ ಯಾವ ಪದಕವೂ ಬರಿಮೈಯಲ್ಲಿ ಹೊರಗೆ ಹೋದದ್ದಿಲ್ಲ. ತ್ರಿವರ್ಣದ ಪಟ್ಟಿ ಪೋಣಿಸಿ, ಕೆಂಪು ಮಕಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ‘ಹಾರ್ದಿಕ ಅಭಿನಂದನೆಗಳು’ ಎಂಬ ಕಾರ್ಡು ಸಿಕ್ಕಿಸಿಯೇ ಅವನು ಕೊಡುತ್ತಿದ್ದ. ಪದಕದ ಸಾಂಕೇತಿಕತೆಯಲ್ಲಿ ಮುಳುಗಿದ್ದ ಭೀಮರಾಜ ಪೆಟ್ಟಿಗೆ ತೆರೆದು ನೋಡಲಿಲ್ಲ.

ಅವನ ಯೋಜನೆ ಸರಳವಾಗಿತ್ತು. ಸಿಮೆಂಟ್ ಅಂಗಡಿಗೆ ಹೋಗುವುದು, ಪೆಟ್ಟಿಗೆಯನ್ನು ಮೇಜಿನ ಮೂಲೆಯಲ್ಲಿಡುವುದು, ಸದ್ದಿಲ್ಲದೆ ಹೊರಬರುವುದು. ಗುರುಬಸವರಾಜರು ಏಕಾಂತದಲ್ಲಿ ತೆರೆದು, ನೋಡಿ, ನಾಚಿ, ಫ್ಲೆಕ್ಸ್ ಇಳಿಸುವುದು. ಪ್ರಯೋಗಶಾಲೆಯಲ್ಲಿ ಎಲ್ಲ ಪ್ರಯೋಗವೂ ಹೀಗೆಯೇ ಶುರುವಾಗುತ್ತದೆ.

ಪೆಟ್ಟಿಗೆ ಮೇಜಿಗೆ ತಾಗುವ ಮೊದಲೇ ಗುರುಬಸವರಾಜರ ಬಲಗೈ ನಾಗಪ್ಪ ಅದನ್ನು ನೋಡಿದ. ಮಕಮಲ್ಲು ಎಂದರೆ ಏನೆಂದು ನಾಗಪ್ಪನಿಗೆ ಹುಟ್ಟಿನಿಂದ ಗೊತ್ತು.

“ಅಣ್ಣಾರ, ಸನ್ಮಾನ!”

ಮುಂದಿನದು ಯಾರ ಅಪ್ಪಣೆಗೂ ಕಾಯಲಿಲ್ಲ. ಒಬ್ಬ ಮೇಜಿನ ಖಾನೆಯಿಂದ ಶಾಲು ತೆಗೆದು ಗುರುಬಸವರಾಜರಿಗೆ ಹೊದಿಸಿದ. ಅಲ್ಲಿ ಅಳತೆ ಟೇಪಿನ ಪಕ್ಕ ಶಾಲು ಸದಾ ಸಿದ್ಧವಿರುತ್ತಿತ್ತು. ಇನ್ನೊಬ್ಬ ಪಕ್ಕದ ಹೋಟೆಲಿನ ಬಸವಣ್ಣನ ಪಟಕ್ಕೆ ಹಾಕಿದ್ದ ಹಾರ ತಂದ. ಎರಡು ಬಾಳೆಹಣ್ಣು ಎಲ್ಲಿಂದಲೋ ಬಂದವು. ಸಿಮೆಂಟ್ ಕೊಳ್ಳಲು ಬಂದಿದ್ದ ಇಟ್ಟಿಗಿ ಊರಿನ ಇಬ್ಬರು ರೈತರನ್ನು ಗಣ್ಯರ ಸಾಲಿನಲ್ಲಿ ನಿಲ್ಲಿಸಲಾಯಿತು.

“ಅಲ್ರಿ, ಇದು ಸ್ವಲ್ಪ ಬ್ಯಾರೆ…” ಎಂದ ಭೀಮರಾಜ.

“ಗೊತ್ತೈತ್ರಿ ಸರ, ಬ್ಯಾರೇನಾ ಐತಿ! ಎಲ್ಲಾರೂ ಶೀಲ್ಡು ಕೊಡ್ತಾರ, ನೀವು ಪದಕ ತಂದೀರಿ. ಹಾಕ್ರಿ ಕೊರಳಿಗೆ!”

ಭೀಮರಾಜ ಹಾಕಿದ. ಬಗ್ಗಿದ ಕೊರಳನ್ನು ಎದುರು ಕಂಡಾಗ ಹಾಕದಿರುವಷ್ಟು ಕಠೋರ ಮನುಷ್ಯ ಅವನಲ್ಲ. ಯಾರೋ ಫೋನಿನಲ್ಲಿ ಫೋಟೋ ಹೊಡೆದರು. ಗುರುಬಸವರಾಜರು ಪದಕವನ್ನು ಕೈಯಲ್ಲಿ ಹಿಡಿದು ಮುಂದೆ ನೋಡಿದರು, ಹಿಂದೆ ನೋಡಿದರು.

“ಈ ಎಲುಬಿನ್ಯಾವ ಯಾರು ಸರ?” ಎಂದರು.

ಭೀಮರಾಜನನ್ನು ನಾಗಪ್ಪ ಕಾಪಾಡಿದ. “ನೀವಾ ಅಣ್ಣಾರ! ಮಂದಿ ಸಲುವಾಗಿ ದುಡದು ದುಡದು ಸವದೀರಿ ಅಂತ ಅರ್ಥ.” ಗುರುಬಸವರಾಜರು ಸವೆದಂತೆ ಕಾಣುತ್ತಿರಲಿಲ್ಲ, ಅವರು ಕೂತ ಕುರ್ಚಿ ಸವೆದಿತ್ತು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಶಾಲನ್ನು ಗುರುಬಸವರಾಜರು ತಮ್ಮ ಹೆಗಲಿನಿಂದ ತೆಗೆದು ಭೀಮರಾಜನಿಗೆ ಹೊದಿಸಿದರು. ಅವನು ಅಂಗಡಿಯಿಂದ ಇಳಿಯುವಾಗ ನಾಗಪ್ಪ ಮೆಲ್ಲಗೆ ಅದನ್ನು ವಾಪಸು ತೆಗೆದು ಮಡಚಿ ಖಾನೆಯಲ್ಲಿಟ್ಟ.

ಎರಡು ದಿನ ಕಳೆದು ಕೋಮಲಾಳ ಅಂಗಡಿಯ ಮುಂದಿನ ಫ್ಲೆಕ್ಸ್ ಇಳಿಯಿತು. ಭೀಮರಾಜ ಆನಂದದಿಂದ ಓಡಿ ಬಂದ. ಅದರ ಜಾಗದಲ್ಲಿ ಅದರ ಎರಡು ಪಟ್ಟು ದೊಡ್ಡದೊಂದು ಏರುತ್ತಿತ್ತು. ನಡುವೆ ಗಾಲಿಯಷ್ಟು ದೊಡ್ಡದಾಗಿ ಪದಕದ ಎರಡೂ ಬದಿ; ಎಡಕ್ಕೆ ಗುರುಬಸವರಾಜರು; ಬಲಕ್ಕೆ ಅವರ ಕೊರಳಿಗೆ ಪದಕ ಹಾಕುತ್ತಿರುವ ಭೀಮರಾಜ. ‘ಜನಸೇವೆಯಲ್ಲಿ ಸವೆದ ಜೀವಕ್ಕೆ ವಿದ್ವಾಂಸರಿಂದ ಪದಕ ಪ್ರದಾನ.’ ಹೊಸ ಫ್ಲೆಕ್ಸಿಗೆ ಬೋರ್ಡಷ್ಟೇ ಸಾಲದೆ, ಮಳಿಗೆಯ ಬಾಗಿಲೂ ಅರ್ಧ ಮುಚ್ಚಿತು.

ಕೋಮಲಾ ಬಗ್ಗಿ ಹೊರಗೆ ಬಂದು, ಮೇಲೆ ನೋಡಿ, ಗಂಡನನ್ನು ನೋಡಿದಳು.

“ಮೊದಲು ಒಂದು ಮುಖ ಅಡ್ಡ ಇತ್ತು. ಈಗ ಎರಡಾದವು. ಬಾಳ ಉಪಕಾರ ಆತು.”

ಅಂದಿನಿಂದ ಮನೆಯಲ್ಲಿ ಅವಳ ಮಾತು ನಿಂತಿತು. ಊರಿನವರ ಮಾತು ಹೆಚ್ಚಿತು. ಹಡಗಲಿಯಿಂದ ಒಬ್ಬರು ಬಂದು, ನಿವೃತ್ತರಾಗುತ್ತಿರುವ ತಮ್ಮ ಮಾವನವರಿಗೆ ಒಂದು ಪದಕ ಬೇಕೆಂದರು. ಎಲುಬು ಸ್ವಲ್ಪ ದಪ್ಪಗಿದ್ದರೆ ಒಳ್ಳೆಯದು, ಮಾವನವರಿಗೆ ಸಕ್ಕರೆ ಕಾಯಿಲೆ, ತಪ್ಪು ತಿಳಿಯುತ್ತಾರೆ. ಹರಪನಹಳ್ಳಿಯ ಭಜನಾ ಮಂಡಳಿಯವರು ಅಸ್ಥಿಪಂಜರದ ಕೈಗೆ ತಾಳ ಕೊಡಲು ಸಾಧ್ಯವೇ ಎಂದು ಕೇಳಿದರು. ಕಾಲೇಜಿನ ಪ್ರಾಂಶುಪಾಲರು ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಸಿಬ್ಬಂದಿ ಕೊಠಡಿಯಲ್ಲಿ ಭೀಮರಾಜ ಬಂದಾಗಲೆಲ್ಲ ತಮ್ಮ ಸೇವಾವಧಿಯ ಬಗ್ಗೆ ಮಾತೆತ್ತಿ ಕೊರಳು ಸವರಿಕೊಳ್ಳತೊಡಗಿದರು.

“ಯವ್ವಾ, ಅದು ಬೈಗುಳ ಕಣವ್ವಾ. ಯಾರಿಗೂ ತಿಳೀವಲ್ದು” ಎಂದು ಭೀಮರಾಜ ತಾಯಿಯ ಮುಂದೆ ಗೋಳಾಡಿದ.

ಸಿಮೆಂಟ್ ಚೀಲದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಮಾಳಮ್ಮ, “ಬೈಬೇಕಂದ್ರ ಬಾಯಿ ತೆಗಿಬೇಕಪ್ಪಾ. ನಿನ್ನ ಬೈಗುಳಕ್ಕ ಪಟ್ಟಿ ಬ್ಯಾರೆ, ಪೆಟ್ಟಿಗಿ ಬ್ಯಾರೆ” ಎಂದಳು.

ಆ ರಾತ್ರಿ ಉಣ್ಣುವಾಗ ಕೋಮಲಾ ಒಂದೇ ವಾಕ್ಯ ಹೇಳಿದಳು: “ನಾಳೆ ಮಷೀನು ಮನಿಗೆ ತರ್ತೀನಿ.”

ಮರುದಿನ ಬೆಳಿಗ್ಗೆ ಭೀಮರಾಜ ಕಾಲೇಜಿಗೆ ರಜೆ ಹಾಕಿ, ಅಸಲಿ ಹಡಗಿನ ಪದಕವನ್ನು ಕಿಸೆಯಲ್ಲಿಟ್ಟುಕೊಂಡು ಸಿಮೆಂಟ್ ಅಂಗಡಿಗೆ ನಡೆದ. ಇಂದು ಸತ್ಯ ಹೇಳುವುದು. ಪೆಟ್ಟು ಬಿದ್ದರೆ ತಿನ್ನುವುದು. ಸಿಮೆಂಟ್ ಮಾತ್ರ ಕೊಳ್ಳುವುದಿಲ್ಲ.

ಅದೃಷ್ಟಕ್ಕೆ ಗುರುಬಸವರಾಜರೂ ನಾಗಪ್ಪನೂ ಇಬ್ಬರೇ ಇದ್ದರು. ಭೀಮರಾಜ ಕಿಸೆಯ ಪದಕವನ್ನು ಮೇಜಿನ ಮೇಲಿಟ್ಟು ಉಸಿರು ಬಿಡದೆ ಹೇಳಿದ. ಹಡಗು ಮುಳುಗಿದ್ದು, ಕಲಾವಿದ ಚುಚ್ಚಿದ್ದು, ಕೌಂಟರಿನೊಳಗೆ ಕುಳಿತವನು ಸಾವು ಎಂಬುದು. ಅವನು ಪಾಠ ಹೇಳುವವನಾದ್ದರಿಂದ ನಡುವೆ ನಿಲ್ಲಿಸಲಾಗದೆ ಉಳಿದ ಕತೆಯನ್ನೂ ಹೇಳಿಬಿಟ್ಟ. ಕಲಾವಿದ ಪದಕದ ಮೇಲೆ ದಿನಾಂಕವನ್ನು ತಪ್ಪಾಗಿ, ಹಡಗು ಮುಳುಗುವುದಕ್ಕಿಂತ ಮುಂಚಿನದನ್ನು ಹಾಕಿದ್ದ. ಅದು ಇಂಗ್ಲಿಷರ ಕೈಗೆ ಸಿಕ್ಕಿತು. ನೋಡಿ, ಇವರು ಮೊದಲೇ ಯೋಜನೆ ಹಾಕಿ ಮುಳುಗಿಸಿ, ಸಂತೋಷಕ್ಕೆ ಪದಕ ಮಾಡಿಸಿದ್ದಾರೆ ಎಂದು ಅವರು ಅದನ್ನೇ ಲಕ್ಷಗಟ್ಟಲೆ ಅಚ್ಚುಹಾಕಿ, ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಹಂಚಿದರು. ಹಡಗಿನವರ ಮೇಲೆ ಎಸೆದ ಕಲ್ಲು ತಿರುಗಿ ಎಸೆದವನ ದೇಶದ ತಲೆಗೇ ಬಿತ್ತು.

“ಅಂದ್ರ ನಿಮಗ ಹಾಕಿದ ಪದಕದಾಗ ಸನ್ಮಾನ ಇಲ್ರಿ. ನಿಮ್ಮನ್ನ ಹಂಗಿಸೀನಿ. ತಪ್ಪಾತು” ಎಂದು ಮುಗಿಸಿ ಕಣ್ಣುಮುಚ್ಚಿದ.

ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಗುರುಬಸವರಾಜರು ಚಹಾದ ಲೋಟವನ್ನು ಅವನ ಕಡೆ ಸರಿಸುತ್ತಿದ್ದರು.

“ಕುಡೀರಿ ಸರ, ಆರ್ತೈತಿ. ನಾನು ಸಿಮೆಂಟ್ ಮಾರ್ತೀನಿ ಖರೆ, ತಲ್ಯಾಗ ಸಿಮೆಂಟ್ ತುಂಬಿಲ್ಲ. ಕೌಂಟರ್‌ನ್ಯಾಗ ಕುಂತಾವ ನಾನಾ ಅಂತ ಅವತ್ತೇ ತಿಳೀತು.”

ನಾಗಪ್ಪ ಬಾಯಿ ತೆರೆದ. ಅವನಿಗೆ ತಿಳಿದಿರಲಿಲ್ಲ.

“ಮತ್ತ… ಸಿಟ್ಟು ಬರ್ಲಿಲ್ಲೇನ್ರಿ?” ಎಂದ ಭೀಮರಾಜ.

“ಬಂತು. ಬಂದ್ರ ಏನು ಮಾಡ್ಲಿ? ಮುಂದ ಅಷ್ಟು ಮಂದಿ ನಿಂತಿದ್ರು. ನಾನು ಸಿಟ್ಟು ಮಾಡಿದ್ರ ಇದು ಅಣಕ ಅಂತ ಅವರಿಗೂ ತಿಳೀತಿತ್ತು. ಬೈದಿದ್ದನ್ನ ಮುಚ್ಚಿಟ್ರ ಬೈಗುಳಾ ರೀ. ಕೊರಳಾಗ ಹಾಕ್ಕೊಂಡ್ರ ಸನ್ಮಾನ.” ಅವರು ಖಾನೆ ಎಳೆದರು. ಶಾಲಿನ ಪಕ್ಕ ಪದಕಗಳ ರಾಶಿ ಥಳಥಳಿಸಿತು. “ನಿಮ್ಮ ಇಂಗ್ಲಿಷರು ಲಕ್ಷಗಟ್ಲೆ ಮಾಡ್ಸಿದ್ರಂತ, ನಾನು ಬರೇ ನೂರು ಮಾಡ್ಸೀನಿ. ನಮ್ಮ ಹುಡುಗರಿಗೆ ಹಂಚಾಕ. ಸುಂಕಪ್ಪ ಛಲೋ ಮಾಡ್ಯಾನ.”

ಭೀಮರಾಜ ಚಹಾ ಗುಟುಕರಿಸಿದ. ಪದಕಗಳ ರಾಜಕೀಯವನ್ನು ವರ್ಷಗಟ್ಟಲೆ ಸಿಲಿಂಡರಿನವನಿಗೂ ಕಲಿಸಿದ ಅವನಿಗೆ, ಈ ಪದಕದ ಕತೆಯಲ್ಲಿ ತಾನು ಯಾವ ಪಕ್ಷದವನೆಂದು ಈಗ ತಿಳಿಯಿತು. ಅವನು ಜರ್ಮನಿ.

“ಆದ್ರ ಒಂದು ತಿಳೀವಲ್ದು ಸರ” ಎಂದರು ಗುರುಬಸವರಾಜರು, ಈಗ ನಿಜವಾಗಿ ನೊಂದವರಂತೆ. “ನನ್ನ ಮ್ಯಾಲ ಯಾಕ ಸಿಟ್ಟು? ಬಂದಾಗೆಲ್ಲ ನಗತಾ ಮಾತಾಡ್ಸೀನಿ. ನಾ ನಿಮಗೇನು ಮಾಡಿದ್ದೆ?”

ಇದೇ ಆ ಗಳಿಗೆ. ಭೀಮರಾಜ ಬಾಯಿ ತೆರೆದ.

“ಒಂದು ಚೀಲ…” ಎಂದ, ಅಭ್ಯಾಸಬಲದಿಂದ.

ಅಷ್ಟರಲ್ಲಿ ಮೆಟ್ಟಿಲ ಬಳಿ ಸ್ಕೂಟಿ ನಿಂತಿತು. ಕೋಮಲಾ ಹೆಲ್ಮೆಟ್ ತೆಗೆದು ಒಳಗೆ ಬಂದಳು. ಗಂಡನನ್ನು ನೋಡಿಯೂ ನೋಡದಂತೆ, “ಅಣ್ಣಾರ, ನಿಮ್ಮ ಲಗೇಜ್ ಆಟೋ ಒಂದು ತಾಸು ಬೇಕಿತ್ರಿ. ಹೊಲಿಗಿ ಮಷೀನು ಅಂಗಡಿಯಿಂದ ಮನಿಗೆ ಸಾಗಿಸ್ಬೇಕು” ಎಂದಳು.

“ಯಾಕ ತಂಗೀ? ಮೊನ್ನಿ ಮೊನ್ನಿ ಸುರು ಮಾಡಿದಿ.”

“ಯಾರಿಗೂ ಅಂಗಡಿ ಕಾಣಂಗಿಲ್ರಿ. ನಿಮ್ಮ ಫ್ಲೆಕ್ಸ್ ಅಡ್ಡ ಐತಿ.”

ಗುರುಬಸವರಾಜರು ಒಮ್ಮೆ ಅವಳನ್ನು, ಒಮ್ಮೆ ಭೀಮರಾಜನನ್ನು, ಒಮ್ಮೆ ಮೇಜಿನ ಮೇಲಿದ್ದ ಪದಕವನ್ನು ನೋಡಿದರು.

“ಇಷ್ಟೇನಾ?” ಎಂದರು. “ಇಷ್ಟಕ್ಕ ಜರ್ಮನಿಗೆ ಹೋಗಿ ಬಂದ್ರೇನ್ರಿ ಸರ? ಊರಾಗ ನನ್ನ ಫ್ಲೆಕ್ಸ್ ಎಲ್ಲೆಲ್ಲಿ ಅದಾವಂತ ನನಗೇನು ಗೊತ್ತು, ಕಟ್ಟೋರು ಹುಡುಗರು. ಪದಕದಾಗ ಎಲುಬು ಹಾಕ್ಸೀರಿ, ಮುಖ ಹಾಕ್ಸೀರಿ, ಯಾವ ಅಂಗಡಿ ಮುಂದ ಅಂತ ಎಲ್ಲಿ ಹಾಕ್ಸೀರಿ? ನಾಗಪ್ಪಾ, ಹೋಗು, ಈಗಲೇ ಇಳಸು.”

ಕೋಮಲಾಳ ಮುಖ ಅರಳಿತು. ನಾಗಪ್ಪನ ಮುಖ ಬಾಡಿತು. “ಇಳಸ್ತೀನಿ ಅಣ್ಣಾರ, ಆದ್ರ ಇಷ್ಟು ದೊಡ್ಡದನ್ನ ಎಲ್ಲಿ ಕಟ್ಟೋದು? ಹೊಸಾದು, ವಾರ ಆಗಿಲ್ಲ. ಸರ್‌ದೂ ಫೋಟೋ ಐತಿ.”

ಎಲ್ಲರೂ ಯೋಚಿಸಿದರು. ಕೋಮಲಾ ಹೆಚ್ಚು ಹೊತ್ತು ಯೋಚಿಸಲಿಲ್ಲ.

“ನಮ್ಮ ಮನಿ ಮುಂದ ಕಟ್ರಿ” ಎಂದಳು, ಹೆಲ್ಮೆಟ್ ಹಾಕಿಕೊಳ್ಳುತ್ತ. “ನಮ್ಮನಿಯವರು ಇಂಥವನ್ನ ಸಂಗ್ರಹ ಮಾಡ್ತಾರ.”

ಮಧ್ಯಾಹ್ನದ ಹೊತ್ತಿಗೆ ಅದು ಪಡಸಾಲೆಯ ಕಿಟಕಿಯನ್ನೂ ಮುಚ್ಚಿಕೊಂಡು ಭೀಮರಾಜನ ಮನೆಯ ಮುಂಗೋಡೆಗೆ ಬಂತು. ಸಂಜೆಯೊಳಗೆ ಕೋಮಲಾ ಮೂರು ಮದುವೆಯ ಕುಪ್ಪಸ ಹಿಡಿದಳು. ಅಂದಿನಿಂದ ಅವಳು ಮನೆಗೆ ಬರುವುದು ತಡವಾಗತೊಡಗಿತು, ಬರುವಾಗ ಹಾಡಿಕೊಂಡು ಬರತೊಡಗಿದಳು.

ಆ ಮೊದಲ ಸಂಜೆ ಪಡುವಣದ ಬಿಸಿಲು ಫ್ಲೆಕ್ಸಿನ ಮೂಲಕ ಸೋಸಿ ಪಡಸಾಲೆಯೊಳಗೆ ಬಿತ್ತು. ಕಿಟಕಿಯ ತುಂಬ ತಿರುವುಮುರುವಾದ ಅಕ್ಷರಗಳು, ಎಡಬಲ ಬದಲಾದ ಗುರುಬಸವರಾಜರು, ನಡುವೆ ಗಾಲಿಯಗಲದ ಪದಕದೊಳಗೆ ಅಸ್ಥಿಪಂಜರ. ಜಗತ್ತಿನ ಯಾವ ಸಂಗ್ರಹಕಾರನ ಬಳಿಯೂ ಇಷ್ಟು ದೊಡ್ಡ ಅಣಕು ಪದಕ ಇರಲಾರದು. ಭೀಮರಾಜ ಕುರ್ಚಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದ.

ಮಾಳಮ್ಮ ಒಳಗಿನಿಂದ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಳು.

“ಯಾರಪ್ಪಾ ಇವನು? ಪಾಪ, ಊಟ ಕಂಡು ಎಷ್ಟು ದಿನ ಆತೋ. ಏನು ಹಿಂಗಂದ್ರ ಅರ್ಥ?”

ಮಗ ಇನ್ನು ಯುರೋಪಿಗೆ ಹೊರಡುತ್ತಾನೆಂದು ಅವಳು ಗೋಡೆಗೆ ಒರಗಿ ಸಿದ್ಧಳಾದಳು.

“ನನಗೂ ತಿಳೀವಲ್ದು ಬೇ” ಎಂದು ಭೀಮರಾಜ ಎದ್ದು ದೀಪ ಹಾಕಿದ.